ಪದಚರ್ಚೆ: ಪ್ರೊಪೆಲ್ಲರಿನ ‘ಪಿಚ್’ಗೆ ‘ಹೆಜ್ಜೆ’ ಎನ್ನಬಹುದೇ? ‘ಗಾಳಿ ಎಳೆಯುವುದು’ ಮತ್ತು ‘ಆವಿಗುಳ್ಳೆ’ ಬಗ್ಗೆಯೂ ಅಭಿಪ್ರಾಯ ಬೇಕು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಾರವಾರದಲ್ಲಿ ಬೋಟು ರಿಪೇರಿ ಮಾಡುವ ಸ್ನೇಹಿತರೊಬ್ಬರ ಒತ್ತಾಯಕ್ಕೆ ಒಂದು ಕಿರುಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಳೆಯ ಫೈಬರ್ ಸ್ಪೀಡ್‌ಬೋಟಿನ ಟೂ-ಸ್ಟ್ರೋಕ್ ಎಂಜಿನ್ನನ್ನು ಇಳಿಸಿ ಫೋರ್-ಸ್ಟ್ರೋಕ್ ಎಂಜಿನ್ ಕೂರಿಸುವುದು, ಅದಕ್ಕೆ ಒಪ್ಪುವ ಪ್ರೊಪೆಲ್ಲರನ್ನು (ನೀರಿನಲ್ಲಿ ತಿರುಗಿ ಬೋಟನ್ನು ಮುಂದಕ್ಕೆ ತಳ್ಳುವ ರೆಕ್ಕೆಚಕ್ರ) ಆರಿಸುವುದು ಅದರ ವಿಷಯ. ಕಾಳಿ ನದಿಯ ಅಳಿವೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಬೋಟು ಓಡಿಸುವವರು, ಅವರ ಬೋಟು ದುರಸ್ತಿ ಮಾಡುವವರು ಇದನ್ನು ಓದುತ್ತಾರೆ. ಎಂಜಿನ್ ಜೊತೆಗೆ ಬರುವ ಪುಸ್ತಕವೆಲ್ಲ ಇಂಗ್ಲಿಷಿನಲ್ಲಿದೆ. ಕೆಲಸ ಬಲ್ಲವನು ಭಾಷೆ ಬಾರದ ಕಾರಣಕ್ಕೆ ತಪ್ಪು ಪ್ರೊಪೆಲ್ಲರ್ ಹಾಕಿ ಎಂಜಿನ್ ಕೆಡಿಸಿಕೊಳ್ಳಬಾರದು. ಆದ್ದರಿಂದ ಪದ ಚೆಂದವಾಗಿದೆಯೇ ಎಂದು ನೋಡುವುದಕ್ಕಿಂತ, ಪದ ಕೇಳಿದ ಕೂಡಲೇ ಕೈ ಸರಿಯಾದ ಕಡೆಗೆ ಹೋಗುತ್ತದೆಯೇ ಎಂದು ನೋಡುತ್ತಿದ್ದೇನೆ.

ಮೊದಲು ತಕರಾರಿಲ್ಲದವು. ಬೋಟಿನ ಹಿಂಭಾಗಕ್ಕೆ ಹೊರಗಿನಿಂದ ತೂಗುಹಾಕುವ ಎಂಜಿನ್ನಿಗೆ ಇಂಗ್ಲಿಷಿನಲ್ಲಿ ‘ಔಟ್‌ಬೋರ್ಡ್ ಮೋಟರ್’ ಎಂದರೂ ನಮ್ಮಲ್ಲಿ ಮೋಟಾರು ಎಂದರೆ ಕರೆಂಟಿನಿಂದ ತಿರುಗುವುದು, ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಕುಡಿಯುವುದು ಎಂಜಿನ್. ನಾಡದೋಣಿಗಳ ಸೀಮೆಎಣ್ಣೆಯ ಸುದ್ದಿ ಬಂದಾಗ ಪತ್ರಿಕೆಗಳೂ ‘ಔಟ್‌ಬೋರ್ಡ್ ಎಂಜಿನ್’ ಎಂದೇ ಬರೆಯುತ್ತವೆ. ಓಲೆ ಎವಿನ್‌ರೂಡ್ 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಮಾರಾಟಕ್ಕಿಳಿಸಿದ ಯಂತ್ರದ ವಂಶವೇ ಇದು. ಆ ಹೆಸರಿನ ಔಟ್‌ಬೋರ್ಡ್‌ಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಹಳೆಯ ಬೋಟಿನ ಒಡೆಯರು ಎಂಜಿನ್ ಬದಲಿಸಲು ಹೊರಡುವುದಕ್ಕೆ ಇಂಥದ್ದೂ ಒಂದು ಕಾರಣ. ‘ಬಾಹ್ಯಚಾಲಕ ಯಂತ್ರ’ ಎಂದು ಬರೆದರೆ ಬಂದರಿನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

‘ಅಪ್‌ಗ್ರೇಡ್’ಗೆ ಪತ್ರಿಕೆಯ ಕನ್ನಡದಲ್ಲಿ ‘ಮೇಲ್ದರ್ಜೆಗೇರಿಸು’ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದು ಹೊಂದುತ್ತದೆ, ಎಂಜಿನ್ನಿಗೆ ಹೊಂದುವುದಿಲ್ಲ. 90 ಅಶ್ವಶಕ್ತಿಯ ಟೂ-ಸ್ಟ್ರೋಕ್ ಎಂಜಿನ್ 120ರಿಂದ 140 ಕಿಲೋ ತೂಗಿದರೆ, 115ರ ಫೋರ್-ಸ್ಟ್ರೋಕ್ 160ರಿಂದ 185 ಕಿಲೋ ತೂಗುತ್ತದೆ. ಈ ಹೆಚ್ಚುವರಿ ಭಾರವನ್ನು ಹಳೆಯ ಬೋಟಿನ ಹಿಂಭಾಗ ತಾಳುತ್ತದೆಯೇ, ಬೋಟಿಗೆ ತಯಾರಕರು ಗೊತ್ತುಮಾಡಿದ ಗರಿಷ್ಠ ಅಶ್ವಶಕ್ತಿ ಎಷ್ಟು ಎಂದು ನೋಡದೆ ಹಾಕಿದರೆ ಅದು ಮೇಲ್ದರ್ಜೆಯೇನೂ ಆಗುವುದಿಲ್ಲ. ‘ಎಂಜಿನ್ ಬದಲಾವಣೆ’ ಎಂದೇ ಇಟ್ಟಿದ್ದೇನೆ.

ಬೋಟಿನ ಹಿಂಭಾಗದ ಮಾತು ಬಂದಿತು. ಎಂಜಿನ್ ತೂಗುಹಾಕುವ ಅಡ್ಡ ಹಲಗೆಗೆ ಇಂಗ್ಲಿಷಿನಲ್ಲಿ ‘ಟ್ರಾನ್ಸಮ್’ ಎನ್ನುತ್ತಾರೆ. ಎರಡೂ ತುದಿ ಚೂಪಾಗಿರುವ ದೋಣಿಯಲ್ಲಿ ಈ ಭಾಗವೇ ಇರುವುದಿಲ್ಲ, ಹಾಗಾಗಿ ಹಳೆಯ ಪದಕ್ಕಾಗಿ ಹುಡುಕುವುದು ಕಷ್ಟ. ಸದ್ಯಕ್ಕೆ ‘ಹಿಂಹಲಗೆ’ ಎಂದು ಬರೆದಿದ್ದೇನೆ. ಹಳೆಯ ಫೈಬರ್ ಬೋಟುಗಳಲ್ಲಿ ಇದು ಹೊರಗೆ ಫೈಬರ್, ಒಳಗೆ ಪ್ಲೈವುಡ್. ಹಳೆಯ ಬೋಲ್ಟಿನ ತೂತುಗಳಿಂದ ನೀರು ಒಳಗಿಳಿದು ಪ್ಲೈವುಡ್ ವರ್ಷಗಟ್ಟಲೆ ನೆನೆಯುತ್ತದೆ, ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಲೇ ಇರುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಇರುವಲ್ಲಿ ‘ಟಕ್’ ಎನ್ನುತ್ತದೆ, ಕೆಟ್ಟಿರುವಲ್ಲಿ ‘ದೊಬ್’ ಎನ್ನುತ್ತದೆ. ಬೋಲ್ಟ್ ಬಿಚ್ಚಿದಾಗ ತೂತಿನಿಂದ ಕಂದುಬಣ್ಣದ ನೀರು ಒಸರಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಹಲಗೆ ಬದಲಿಸದೆ ಹೊಸ ಎಂಜಿನ್ ಹಾಕುವಂತಿಲ್ಲ. ಈ ಸ್ಥಿತಿಗೆ ‘ಕೊಳೆತಿದೆ’ ಎನ್ನುವುದು ನನಗೆ ಸಪ್ಪೆ ಎನಿಸುತ್ತದೆ. ಕರಾವಳಿಯ ಬಾಯಲ್ಲಿ ‘ಕುಂಬಾಗಿದೆ’ ಎಂಬುದಿದೆ. ‘ಲಡ್ಡಾಗಿದೆ’ ಎಂದೂ ಕೇಳಿದ್ದೇನೆ. ಮುಟ್ಟಿದರೆ ಉದುರುವ ಮರಕ್ಕೆ ಇವೆರಡೂ ಹೇಳಿಮಾಡಿಸಿದಂತಿವೆ. ಘಟ್ಟದ ಮೇಲಿನವರಿಗೆ, ಬಯಲುಸೀಮೆಯವರಿಗೆ ‘ಕುಂಬು’ ತಿಳಿಯುತ್ತದೆಯೇ? ಶರಾವತಿ ಹಿನ್ನೀರಿನ ಕಡೆ ಬೋಟು ನಡೆಸುವವರಿಗೂ ಈ ಕೈಪಿಡಿ ಸಲ್ಲಬೇಕೆಂಬ ಆಸೆಯಿದೆ, ಅದಕ್ಕೇ ಕೇಳುತ್ತಿದ್ದೇನೆ.

ಇನ್ನು ಪ್ರೊಪೆಲ್ಲರ್. ನಿಘಂಟಿನ ‘ನೋದಕ’ ಪುಸ್ತಕದಿಂದ ಹೊರಗೆ ಕಾಲಿಟ್ಟಿಲ್ಲ. ಮೀನುಗಾರರು ‘ಫ್ಯಾನ್’ ಎನ್ನುತ್ತಾರೆ, ಫ್ಯಾನಿಗೆ ಬಲೆ ಸಿಕ್ಕಿ ಬೋಟು ನಿಂತಿತು ಎನ್ನುತ್ತಾರೆ. ಒಳನಾಡಿನ ಮೆಕ್ಯಾನಿಕ್‌ಗೆ ಮಾತ್ರ ಎಂಜಿನ್ನಿನ ಫ್ಯಾನ್ ಎಂದರೆ ತಂಪು ಮಾಡುವ ಫ್ಯಾನೇ ನೆನಪಾಗುತ್ತದೆ. ಆದ್ದರಿಂದ ‘ಪ್ರೊಪೆಲ್ಲರ್’ ಉಳಿಸಿ, ಮೊದಲ ಸಲ ಬಂದಾಗ ‘ಬಂದರಿನಲ್ಲಿ ಫ್ಯಾನ್ ಎನ್ನುವುದು ಇದನ್ನೇ’ ಎಂದು ಸೇರಿಸಿದ್ದೇನೆ. ಅದರ ದಳಕ್ಕೆ ‘ರೆಕ್ಕೆ’ ಸಾಕು. ಮನೆಯ ಫ್ಯಾನಿನಿಂದ ಎಲ್ಲರಿಗೂ ಪರಿಚಯವಿದೆ. ನಡುವಿನ ದಪ್ಪ ಭಾಗಕ್ಕೆ ಎತ್ತಿನಗಾಡಿಯ ಗಾಲಿಯಿಂದ ‘ಕುಂಭ’ವನ್ನು ತಂದಿದ್ದೇನೆ, ಕೆಲವೆಡೆ ‘ಗುಂಬ’ ಎನ್ನುತ್ತಾರೆ. ಪ್ರೊಪೆಲ್ಲರಿನ ನಟ್ಟು ಸಡಿಲವಾಗಿ ಕಳಚಿ ನೀರಿಗೆ ಬೀಳದಂತೆ ಅಡ್ಡಲಾಗಿ ಚುಚ್ಚುವ ಪಿನ್ನಿಗೆ ‘ಕಡಾಣಿ’. ಗಾಲಿಯನ್ನು ಇರುಸಿನಿಂದ ಜಾರಿಹೋಗದಂತೆ ಹಿಡಿಯುವ ಕಡಾಣಿಯ ಕೆಲಸವೇ ಇಲ್ಲಿಯದೂ. ಇಷ್ಟು ಜೀವಂತ ಪದಗಳು ಗಾಡಿಯ ಜೊತೆಗೇ ಮರೆಯಾಗುತ್ತಿರುವುದು ನನಗೆ ನೋವಿನ ಸಂಗತಿ. ಹೊಸ ಯಂತ್ರದಲ್ಲಿ ಅವುಗಳಿಗೆ ಜಾಗ ಸಿಕ್ಕರೆ ನನಗೆ ಸಂತೋಷ.

ಈಗ ನಿಜವಾದ ಪ್ರಶ್ನೆ. ಪ್ರೊಪೆಲ್ಲರಿನ ಮೇಲೆ ‘13 × 17’ ಎಂಬಂತೆ ಎರಡು ಸಂಖ್ಯೆ ಒತ್ತಿರುತ್ತಾರೆ. ಮೊದಲನೆಯದು ಅಡ್ಡಳತೆ, ಇಂಚುಗಳಲ್ಲಿ. ಎರಡನೆಯದು ಪಿಚ್: ಗಟ್ಟಿ ವಸ್ತುವಿನಲ್ಲಿ ತಿರುಪು ಕೊರೆದು ಹೋಗುವಂತೆ ಪ್ರೊಪೆಲ್ಲರ್ ಒಂದು ಸುತ್ತು ತಿರುಗಿದರೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ. ಅದು ಎರಡು ರೆಕ್ಕೆಗಳ ನಡುವಿನ ಅಂತರವಲ್ಲ, ರೆಕ್ಕೆಯ ಅಗಲವೂ ಅಲ್ಲ. ‘ಪಿಚ್’ ಎಂದೇ ಬಿಟ್ಟರೆ ಕ್ರಿಕೆಟ್ ನೆನಪಾಗುತ್ತದೆ. ಶಾಲೆಯಲ್ಲಿ ಸ್ಕ್ರೂ ಗೇಜ್ ಹಿಡಿದವರಿಗೆ ಮಾತ್ರ ಅರ್ಥ ಹೊಳೆಯಬಹುದು.

ನನಗೆ ತೋಚಿದ್ದು ‘ಹೆಜ್ಜೆ’. ಒಂದು ಸುತ್ತಿಗೆ ಒಂದು ಹೆಜ್ಜೆ. ಇದು ನಾನೊಬ್ಬನೇ ಹುಡುಕಿದ ದಾರಿಯಲ್ಲ; ಇದೇ ಅಳತೆಗೆ ಫ್ರೆಂಚರು ‘ಪಾ’ ಎನ್ನುತ್ತಾರೆ, ರಷ್ಯನ್ನರು ‘ಶಾಗ್’ ಎನ್ನುತ್ತಾರೆ, ಎರಡಕ್ಕೂ ಅರ್ಥ ಹೆಜ್ಜೆ. ಈ ಪದ ಇಟ್ಟುಕೊಂಡರೆ ಮುಂದಿನ ವಿವರಣೆ ತಾನಾಗಿ ಬರುತ್ತದೆ. ಹೆಜ್ಜೆ ದೊಡ್ಡದಾದರೆ ಎಂಜಿನ್ ತಿಣುಕುತ್ತದೆ: ಥ್ರಾಟಲ್ ಪೂರ್ತಿ ಕೊಟ್ಟರೂ ಅದಕ್ಕೆ ಹೇಳಿದ ಸುತ್ತು ಮುಟ್ಟುವುದಿಲ್ಲ, ಬೋಟಿನ ಮೂತಿ ಆಕಾಶ ನೋಡುತ್ತದೆ, ಬೋಟು ನೀರಿನ ಮೇಲೆದ್ದು ಓಡಲು ತಡಮಾಡುತ್ತದೆ, ಎಂಜಿನ್ ಒಳಗೊಳಗೇ ಸವೆಯುತ್ತದೆ. ಹೆಜ್ಜೆ ಚಿಕ್ಕದಾದರೆ ಎಂಜಿನ್ ರೇಸ್ ಆಗುತ್ತದೆ: ಸುತ್ತು ಮಿತಿ ಮೀರುತ್ತದೆ, ಸದ್ದೇ ಹೆಚ್ಚು, ವೇಗ ಇಲ್ಲ. ಹೆಜ್ಜೆಯನ್ನು ಒಂದು ಇಂಚು ಇಳಿಸಿದರೆ ಸುತ್ತು ನಿಮಿಷಕ್ಕೆ ಸುಮಾರು 150ರಿಂದ 200 ಏರುತ್ತದೆ ಎಂಬುದು ಎಲ್ಲ ಕಡೆ ನಡೆಯುವ ಅಂದಾಜು. ಬಹಳಷ್ಟು ಫೋರ್-ಸ್ಟ್ರೋಕ್ ಎಂಜಿನ್ನುಗಳಿಗೆ ಪೂರ್ತಿ ಥ್ರಾಟಲಿನಲ್ಲಿ 5,000ದಿಂದ 6,000 ಸುತ್ತು ಎಂದು ತಯಾರಕರು ಹೇಳಿರುತ್ತಾರೆ. ನಿಮ್ಮ ಎಂಜಿನ್ 4,800ಕ್ಕೇ ನಿಂತರೆ, ‘ಎರಡು ಇಂಚು ಚಿಕ್ಕ ಹೆಜ್ಜೆಯ ಪ್ರೊಪೆಲ್ಲರ್ ಕೊಡಿ’ ಎಂದು ಅಂಗಡಿಯಲ್ಲಿ ಕೇಳಬಹುದು. ಈ ವಾಕ್ಯವನ್ನು ಕನ್ನಡದಲ್ಲಿ ಹೇಳಲು ಬಂದರೆ ನನ್ನ ಅರ್ಧ ಕೆಲಸ ಆದಂತೆ.

ಹೆಜ್ಜೆಯ ಜೊತೆಗೆ ‘ಸ್ಲಿಪ್’ಗೆ ‘ಜಾರು’ ಹೊಂದಿಕೊಳ್ಳುತ್ತದೆ. ಕೆಸರುಗದ್ದೆಯಲ್ಲಿ ನಡೆಯುವವನು ಇಟ್ಟ ಹೆಜ್ಜೆಯಷ್ಟೂ ಮುಂದೆ ಹೋಗುವುದಿಲ್ಲ, ಸ್ವಲ್ಪ ಹಿಂದಕ್ಕೆ ಜಾರುತ್ತಾನೆ; ನೀರಿನಲ್ಲಿ ಪ್ರೊಪೆಲ್ಲರಿನ ಪಾಡೂ ಹಾಗೆಯೇ. ಲೆಕ್ಕ ಹೀಗಿದೆ: ಎಂಜಿನ್ 5,600 ಸುತ್ತು ತಿರುಗುತ್ತಿದೆ, ಗೇರಿನಲ್ಲಿ ಅದು ಅರ್ಧಕ್ಕೆ ಇಳಿದು ಪ್ರೊಪೆಲ್ಲರಿಗೆ 2,800 ಸಿಗುತ್ತದೆ ಎನ್ನೋಣ. 17 ಇಂಚಿನ ಹೆಜ್ಜೆ ಎಂದರೆ 43 ಸೆಂಟಿಮೀಟರಿಗೆ ತುಸು ಹೆಚ್ಚು. ನಿಮಿಷಕ್ಕೆ ಸುಮಾರು 1,209 ಮೀಟರ್, ಗಂಟೆಗೆ 72 ಕಿಲೋಮೀಟರಿಗೂ ಹೆಚ್ಚು ಓಡಬೇಕು. ಜಿಪಿಎಸ್‌ನಲ್ಲಿ 64 ತೋರಿಸಿದರೆ ಜಾರು ಶೇಕಡಾ 12ರಷ್ಟಿದೆ ಎಂದಾಯಿತು. ಇಂಥ ಹಗುರ ಬೋಟಿಗೆ ಅದು ಸಹಜ. ಶೇಕಡಾ 25 ದಾಟಿದರೆ ರೆಕ್ಕೆಯ ತುದಿ ಬಾಗಿದೆಯೇ, ಕುಂಭದೊಳಗಿನ ರಬ್ಬರ್ ಬುಷ್ ಬಿಟ್ಟುಕೊಂಡಿದೆಯೇ, ಎಂಜಿನ್ ತೀರಾ ಎತ್ತರದಲ್ಲಿ ಕೂತಿದೆಯೇ ಎಂದು ನೋಡಬೇಕು. ‘ಜಾರು’ ಎಂಬುದನ್ನು ನಾಮಪದವಾಗಿ, ‘ಜಾರು ಎಷ್ಟಿದೆ’ ಎಂದು ಬಳಸಿದರೆ ಕಿವಿಗೆ ಒಗ್ಗುತ್ತದೆಯೇ? ‘ಜಾರಿಕೆ’ ಮೇಲೇ? ವ್ಯಾಕರಣ ಬಲ್ಲವರು ತಿಳಿಸಬೇಕು.

ಎಂಜಿನ್ ಎತ್ತರದಲ್ಲಿ ಕೂರುವ ಈ ತೊಂದರೆಯೇ ನನ್ನ ಎರಡನೆಯ ಪ್ರಶ್ನೆಯ ಮೂಲ. ಮೇಲ್ಮೈಯ ಗಾಳಿ ಪ್ರೊಪೆಲ್ಲರಿನೊಳಗೆ ನುಗ್ಗಿ, ರೆಕ್ಕೆಗೆ ನೀರಿನ ಹಿಡಿತ ತಪ್ಪಿ, ಎಂಜಿನ್ ಇದ್ದಕ್ಕಿದ್ದಂತೆ ಚೀರುವುದು ಒಂದು. ಇಂಗ್ಲಿಷಿನಲ್ಲಿ ಅದು ‘ವೆಂಟಿಲೇಷನ್’. ರೆಕ್ಕೆಯ ಬೆನ್ನಿನಲ್ಲಿ ಒತ್ತಡ ಕುಸಿದು, ನೀರು ಬಿಸಿಯಾಗದೆಯೇ ಆವಿಯಾಗಿ, ಆ ಗುಳ್ಳೆಗಳು ಒಡೆದು ಲೋಹವನ್ನೇ ಕೊರೆಯುವುದು ಇನ್ನೊಂದು. ಅದು ‘ಕ್ಯಾವಿಟೇಷನ್’. 30 ಡಿಗ್ರಿಯ ನೀರು ಕುದಿಯಲು ಒತ್ತಡ ವಾತಾವರಣದ ಸುಮಾರು 24ರಲ್ಲಿ ಒಂದು ಪಾಲಿಗೆ ಇಳಿದರೆ ಸಾಕು. 1894ರಲ್ಲಿ ನೀರಿಗಿಳಿದ, ಬ್ರಿಟಿಷ್ ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್‌ನ ‘ಟರ್ಬೀನಿಯಾ’ ಹಡಗು ಮೊದಲಿಗೆ ನಿರೀಕ್ಷಿಸಿದ ವೇಗ ಮುಟ್ಟದೆ ಹೋದದ್ದು ಇದರಿಂದಲೇ. ಪ್ರೊಪೆಲ್ಲರ್ ತಿರುಗಿಸುವ ಒಂದು ದಂಡದ ಬದಲು ಮೂರು ದಂಡ, ಒಂದೊಂದಕ್ಕೂ ಮೂರು ಪ್ರೊಪೆಲ್ಲರ್ ಹಾಕಿದ ಮೇಲೆ ಅದು 34 ನಾಟ್ (ಗಂಟೆಗೆ ಸುಮಾರು 63 ಕಿಲೋಮೀಟರ್) ದಾಟಿತು.

ಇಂಗ್ಲಿಷ್ ಆಡುವವರೇ ಈ ಎರಡನ್ನು ಕಲಸಿಬಿಟ್ಟಿದ್ದಾರೆ. ಪ್ರೊಪೆಲ್ಲರಿನ ಮೇಲೆ ಅಡ್ಡಲಾಗಿ ಚಾಚಿರುವ ಚಪ್ಪಟೆ ತಟ್ಟೆ ಗಾಳಿಯನ್ನು ತಡೆಯಲೆಂದು ಇರುವುದು. ಬಹುಪಾಲು ಜನ ಅದನ್ನು ‘ಕ್ಯಾವಿಟೇಷನ್ ಪ್ಲೇಟ್’ ಎನ್ನುತ್ತಾರೆ. ಆ ಗೊಂದಲ ಕನ್ನಡಕ್ಕೂ ದಾಟಿಬರುವುದು ಬೇಡ, ಏಕೆಂದರೆ ಮದ್ದು ಬೇರೆ ಬೇರೆ. ಗಾಳಿ ನುಗ್ಗುತ್ತಿದ್ದರೆ ಎಂಜಿನ್ನನ್ನು ಒಂದು ತೂತು ಕೆಳಗಿಳಿಸಿ ಬೋಲ್ಟ್ ಮಾಡಬೇಕು, ತಟ್ಟೆಯು ಬೋಟಿನ ಅಡಿಯ ಮಟ್ಟಕ್ಕೆ ಅಥವಾ ಒಂದಿಂಚಿನಷ್ಟು ಮೇಲಕ್ಕೆ ಬರುವಂತೆ ನೋಡಿಕೊಳ್ಳಬೇಕು. ರೆಕ್ಕೆ ಕೊರೆದುಹೋಗಿದ್ದರೆ ಎಂಜಿನ್ ಇಳಿಸಿ ಪ್ರಯೋಜನವಿಲ್ಲ. ಪ್ರೊಪೆಲ್ಲರನ್ನೇ ಸರಿಪಡಿಸಬೇಕು ಇಲ್ಲವೇ ಬದಲಿಸಬೇಕು.

ಮೊದಲನೆಯದಕ್ಕೆ ನಮ್ಮ ರೈತರ ಬಳಿ ಪದ ಸಿದ್ಧವಾಗಿದೆ. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೀರಿನಿಂದ ಮೇಲೆ ಬಂದಾಗ ಅಥವಾ ಪೈಪಿನ ಜೋಡಣೆ ಸಡಿಲವಾದಾಗ ಅವರು ‘ಗಾಳಿ ಎಳೆಯುತ್ತಿದೆ’ ಎನ್ನುತ್ತಾರೆ. ಮೋಟಾರಿನ ಸದ್ದು ಏರುತ್ತದೆ, ನೀರು ಬರುವುದಿಲ್ಲ. ಪ್ರೊಪೆಲ್ಲರಿನಲ್ಲಿ ಆಗುವುದೂ ಅದೇ. ಅದಕ್ಕೇ ‘ಗಾಳಿ ಎಳೆಯುವುದು’, ಆ ತಟ್ಟೆಗೆ ‘ಗಾಳಿತಡೆ ತಟ್ಟೆ’ ಎಂದು ಬರೆದಿದ್ದೇನೆ. ಎರಡನೆಯದಕ್ಕೆ ‘ಆವಿಗುಳ್ಳೆ ಏಳುವುದು’, ಅದರಿಂದ ಲೋಹ ಹಾಳಾಗುವುದಕ್ಕೆ ‘ಆವಿಕೊರೆತ’. ಒಂದರಲ್ಲಿ ಗಾಳಿ, ಇನ್ನೊಂದರಲ್ಲಿ ಆವಿ. ಪದದಲ್ಲೇ ಕಾರಣ ಇದೆ. ಸಂಸ್ಕೃತದಿಂದ ‘ಕುಹರೀಭವನ’ದಂಥ ಪದ ಕಟ್ಟಬಹುದಾದರೂ, ಎಣ್ಣೆಕೈಯಲ್ಲಿ ರೆಕ್ಕೆ ಸವರುತ್ತಾ ನಿಂತವನಿಗೆ ಅದರಿಂದ ಏನು ತಿಳಿಯುತ್ತದೆ?

ನಡುವೆ ಒಂದು ಸಣ್ಣ ಸಂಗತಿ. ಬೋಟಿನ ಮೂತಿ ಎದ್ದು ಬಿದ್ದು ಕುಣಿಯುವುದಕ್ಕೆ ಇಂಗ್ಲಿಷಿನಲ್ಲಿ ‘ಪೋರ್ಪಸಿಂಗ್’ ಎನ್ನುತ್ತಾರೆ. ಪೋರ್ಪಸ್ ಎಂಬುದರ ಲ್ಯಾಟಿನ್ ಮೂಲ ‘ಹಂದಿ’ ಮತ್ತು ‘ಮೀನು’ ಎಂಬ ಎರಡು ಪದ; ಕನ್ನಡದಲ್ಲೂ ಅದನ್ನು ಕಡಲಹಂದಿ ಎಂದಿದ್ದಾರೆ. ಎರಡು ದೂರದ ಭಾಷೆಗಳು ಒಂದೇ ಪ್ರಾಣಿಯಲ್ಲಿ ಹಂದಿಯನ್ನು ಕಂಡದ್ದು ಸೊಗಸು. ಆದರೆ ಕೈಪಿಡಿಯಲ್ಲಿ ‘ಮೂತಿ ಕುಣಿಯುವುದು’ ಎಂದಷ್ಟೇ ಇಟ್ಟಿದ್ದೇನೆ. ಹಿಂಭಾಗಕ್ಕೆ ಭಾರ ಹೆಚ್ಚಾದ ಹಳೆಯ ಬೋಟಿನಲ್ಲಿ ಇದು ಹೊಸದಾಗಿ ಕಾಣಿಸಿಕೊಳ್ಳಬಹುದು. ಎಂಜಿನ್ನಿನ ಓರೆಯನ್ನು ತುಸು ಒಳಕ್ಕೆ ತಂದು, ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ನೋಡಬೇಕು.

ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿಯ ಬಂದರುಗಳ ಒಡನಾಟ ಇರುವವರು ದಯವಿಟ್ಟು ಬರೆಯಿರಿ: ಪ್ರೊಪೆಲ್ಲರಿನ ಪಿಚ್‌ಗೆ ಅಲ್ಲಿ ಏನೆನ್ನುತ್ತಾರೆ, ಅಂಗಡಿಯಲ್ಲಿ ಕೇಳುವಾಗ ಹೇಗೆ ಕೇಳುತ್ತಾರೆ? ಎಂಜಿನ್ ತೂಗುಹಾಕುವ ಹಲಗೆಗೆ ಕೊಂಕಣಿ, ತುಳು ಅಥವಾ ಕುಂದಾಪುರದ ಕನ್ನಡದಲ್ಲಿ ಪದ ಇದ್ದರೆ ‘ಹಿಂಹಲಗೆ’ಯನ್ನು ಈಗಲೇ ಹೊಡೆದುಹಾಕುತ್ತೇನೆ. ಅಮೆರಿಕದ ಸರೋವರಗಳಲ್ಲಿ ಸ್ವಂತ ಬೋಟು ಇಟ್ಟುಕೊಂಡ ಕನ್ನಡಿಗರು ಬಳಗದಲ್ಲಿದ್ದರೆ, ಮನೆಯಲ್ಲಿ ಮಕ್ಕಳಿಗೆ ಈ ಭಾಗಗಳನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ ಎಂಬುದೂ ನನಗೆ ಬೇಕು. ಪದದ ಜೊತೆಗೆ ಊರಿನ ಹೆಸರನ್ನೂ, ಅದನ್ನು ಒಳಗೊಂಡ ಒಂದು ಇಡೀ ವಾಕ್ಯವನ್ನೂ ಕಳುಹಿಸಿದರೆ ಹೆಚ್ಚು ಉಪಯೋಗ. ಕೈಪಿಡಿಯ ಪ್ರೊಪೆಲ್ಲರ್ ಅಧ್ಯಾಯವನ್ನು ಉತ್ತರಗಳು ಬಂದ ಮೇಲೆಯೇ ಅಚ್ಚಿಗೆ ಕೊಡುತ್ತೇನೆ.