ಮುಂದಿನ ಎಡಚಕ್ರದಲ್ಲಿ ಟಕ್ ಟಕ್ ಸದ್ದು, ಸಹಾಯ ಬೇಕು

ನಮಸ್ಕಾರ. ನನ್ನದು 11 ವರ್ಷ ಹಳೆಯ ಸಣ್ಣ ಕಾರು, 92,000 ಕಿ.ಮೀ. ಓಡಿದೆ. ಹಂಪ್ ಮೇಲೆ ಎಷ್ಟೇ ನಿಧಾನಕ್ಕೆ ಹತ್ತಿಸಿದರೂ ಮುಂದೆ ಎಡಗಡೆ ಟಕ್ ಟಕ್ ಅನ್ನುತ್ತದೆ. ಆ ಟೈರ್ ಒಳಅಂಚಿನಲ್ಲಿ ಜಾಸ್ತಿ ಸವೆದಿದೆ.

ಜ್ಯಾಕ್ ಕೊಟ್ಟು ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಸ್ವಲ್ಪ ಪ್ಲೇ (ಸಡಿಲ) ಇದೆ. ನನ್ನ ತಮ್ಮ ಬ್ರೇಕ್ ಒತ್ತಿ ಹಿಡಿದಾಗಲೂ ಅದು ಹೋಗಲಿಲ್ಲ. ಹಾಗಾದರೆ ವೀಲ್ ಬೇರಿಂಗ್ (ಚಕ್ರ ಸರಾಗವಾಗಿ ತಿರುಗಲು ಇರುವ ಭಾಗ) ಅಲ್ಲ, ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಕೆಳಗಿನ ತೋಳಿಗೆ ಜೋಡಿಸುವ ಗುಂಡು ಕೀಲು) ಅಲ್ವಾ? ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಪ್ಲೇ ಇಲ್ಲ.

ಆದರೆ ಮೆಕ್ಯಾನಿಕ್ ಸ್ಟೀರಿಂಗ್ ರ‍್ಯಾಕ್ (ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಭಾಗ) ಪೂರ್ತಿ ಬದಲಿಸಿ ಅನ್ನುತ್ತಾರೆ. ಸುಮ್ನೆ ಅಷ್ಟು ದುಡ್ಡು ಹಾಕಬೇಕಾ? ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವುದು ಇದೇ ಕಾರಿನಲ್ಲಿ, ಅದಕ್ಕೇ ಭಯ. ರ‍್ಯಾಕ್ ಸವೆದಿದೆಯೇ ಎಂದು ಮನೆಯಲ್ಲೇ ನೋಡುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.