ಮೂರನೇ ತರಗತಿ ಮುಗಿಸಿದ ಮಗನಿಗೆ ಮನೆಯಲ್ಲೇ ಕಲಿಸುವುದು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಕಟಪಾಡಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಎಂಟು ವರ್ಷ ತುಂಬಿದೆ. ಇಂಗ್ಲಿಷ್ ಮಾಧ್ಯಮದ ಶಾಲೆಯೊಂದರಲ್ಲಿ ಮೂರನೇ ತರಗತಿ ಮುಗಿಸಿದ್ದಾನೆ. ಈ ಜೂನ್‌ನಿಂದ ಅವನನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸಬೇಕೆಂದು ನಾನೂ ನನ್ನ ಯಜಮಾನರೂ ಆರು ತಿಂಗಳಿಂದ ಯೋಚಿಸುತ್ತಿದ್ದೇವೆ. ಟೀಚರುಗಳು ಒಳ್ಳೆಯವರೇ, ಯಾರ ಮೇಲೂ ನಮಗೆ ಸಿಟ್ಟಿಲ್ಲ. ಆದರೆ ಬೆಳಿಗ್ಗೆ ಏಳೂವರೆಗೆ ವ್ಯಾನು ಹತ್ತುವ ಮಗು ಮನೆ ಸೇರುವಾಗ ಸಂಜೆ ಐದಾಗುತ್ತದೆ, ಆಮೇಲೆ ಹೋಂವರ್ಕ್. ಭಾನುವಾರ ಮಧ್ಯಾಹ್ನ ಕಳೆಯಿತೆಂದರೆ ಮಾತು ನಿಲ್ಲಿಸಿ, ಬಾವಿಕಟ್ಟೆಯ ಪಕ್ಕದಲ್ಲಿ ಒಬ್ಬನೇ ಹೋಗಿ ಕುಳಿತುಕೊಳ್ಳುತ್ತಾನೆ. ಕರೆದರೆ ಬರುತ್ತಾನೆ, ಊಟವನ್ನೂ ಮಾಡುತ್ತಾನೆ, ಆದರೆ ಒಂದು ಮಾತೂ ಆಡುವುದಿಲ್ಲ.

ನಮ್ಮ ಮನಸ್ಸನ್ನು ಗಟ್ಟಿ ಮಾಡಿದ್ದು ಒಂದು ಸಣ್ಣ ಸಂಗತಿ. ನನ್ನ ತಾಯಿ ಶಿರ್ವದಲ್ಲಿ ಮಲ್ಲಿಗೆ ಬೆಳೆಯುತ್ತಾರೆ. ರಜೆಯಲ್ಲಿ ಇವನು ಅಜ್ಜಿಯ ಎದುರು ಕುಳಿತು, ಬಾಳೆನಾರಿನಲ್ಲಿ ಕಟ್ಟಿದ ಹೂವನ್ನು ಎಣಿಸಿಡುತ್ತಿದ್ದ. ನಮ್ಮ ಕಡೆ ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ದಿನ ಎರಡು ಅಟ್ಟೆ, ಮೂರು ಚೆಂಡು ಆಗಿತ್ತು. ನಾನು ಕೇಳುವ ಮೊದಲೇ, "ಹನ್ನೊಂದು ಚೆಂಡು ಅಜ್ಜಿ, ಒಟ್ಟು 8800 ಹೂವು" ಎಂದು ತುಳುವಿನಲ್ಲಿ ಹೇಳಿಬಿಟ್ಟ. ಮಾರ್ಚ್‌ನ ಪರೀಕ್ಷೆಯಲ್ಲಿ ಗುಣಾಕಾರದ ಲೆಕ್ಕಗಳೆಲ್ಲವನ್ನೂ ಖಾಲಿ ಬಿಟ್ಟು ಬಂದವನೂ ಇವನೇ.

ಇದು ಕಾನೂನಿಗೆ ಒಪ್ಪಿಗೆಯೇ? ಮುಂದೆ ಹತ್ತನೇ ತರಗತಿಯ ಪರೀಕ್ಷೆಗೆ ಏನು ಮಾಡಬೇಕು? ನಾನು ಬಿ.ಕಾಂ. ಓದಿದವಳು, ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ನನ್ನಿಂದ ಇದು ಆದೀತೇ? ಅತ್ತೆಯವರು, "ಮಗುವನ್ನು ಹಾಳು ಮಾಡಬೇಡ" ಎಂದು ಕಣ್ಣೀರು ಹಾಕಿದ್ದಾರೆ. ಅವರ ಭಯವನ್ನು ಅಲಕ್ಷ್ಯ ಮಾಡುವ ಮನಸ್ಸು ನನಗಿಲ್ಲ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ಮಂಗಳೂರು, ಕದ್ರಿಯ ತಾಯಿ

ಅಕ್ಕ, ಮಗಳಿಗೆ ಮನೆಯಲ್ಲಿ ಕಲಿಸಲು ತೊಡಗಿ ನಮಗೆ ಇದು ನಾಲ್ಕನೆಯ ವರ್ಷ. ಕಾನೂನಿನ ವಿಷಯವನ್ನು ಮೊದಲು ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಅದರ 10ನೇ ಕಲಮು ಹೇಳುತ್ತದೆ, ಆದರೆ ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯನ್ನು ಹೇಳಿಲ್ಲ. ಮನೆಯಲ್ಲಿ ಕಲಿಸುವುದಕ್ಕೆ ಸ್ಪಷ್ಟವಾದ ಅನುಮತಿಯೂ ಅದರಲ್ಲಿಲ್ಲ. ಹಾಗಾಗಿ "ಪೂರ್ತಿ ಕಾನೂನುಬದ್ಧ" ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ನಂಬಿ ಕೂರಬೇಡಿ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಸಿ.ಆರ್.ಪಿ. (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಶಿಕ್ಷಣ ಇಲಾಖೆಯ ಸಂಪನ್ಮೂಲ ವ್ಯಕ್ತಿ) ಅಥವಾ ಶಿಕ್ಷಕರು ಮನೆಗೆ ಬರಬಹುದು, ನಮ್ಮ ಮನೆಗೂ ಬಂದಿದ್ದರು. ನಾವು ವಾದಕ್ಕೆ ಇಳಿಯದೆ ಮಗಳ ಪುಸ್ತಕಗಳನ್ನೂ ನನ್ನ ದಿನಚರಿಯನ್ನೂ ತೋರಿಸಿದೆವು. ಅವರು ಅರ್ಧ ಗಂಟೆ ಕುಳಿತು ಅವಳಿಂದ ಓದಿಸಿ, ಬರೆದುಕೊಂಡು ಹೋದರು.

ಈ ದಿನಚರಿಯನ್ನು ಮೊದಲ ದಿನದಿಂದಲೇ ಇಡಿ. ತಾರೀಕು ಹಾಕಿ, ಆ ದಿನ ಏನು ಓದಿದ, ಏನು ಕೇಳಿದ, ಎಲ್ಲಿ ಎಡವಿದ ಎಂದು ನಾಲ್ಕು ಸಾಲು ಬರೆದರೆ ಸಾಕು. "ಈ ತಿಂಗಳು ಮಗು ಏನೂ ಕಲಿಯಲಿಲ್ಲ" ಎಂದು ಎದೆ ಹಾರುವ ರಾತ್ರಿಗಳು ನಿಮಗೂ ಬರುತ್ತವೆ. ಆಗ ಹಿಂದಿನ ಪುಟಗಳನ್ನು ತಿರುವಿ ನೋಡುವುದಕ್ಕಾದರೂ ಅದು ಬೇಕು.

ಆರಂಭದಲ್ಲಿ ನಾವು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ವಿವರವಾಗಿ ಹೇಳುತ್ತೇನೆ. ಗೋಡೆಗೆ ವೇಳಾಪಟ್ಟಿ ಅಂಟಿಸಿ, ಒಂಬತ್ತರಿಂದ ಒಂದರವರೆಗೆ ಪೀರಿಯಡ್ಡುಗಳನ್ನು ಹಂಚಿ, ಡೈನಿಂಗ್ ಟೇಬಲ್ಲನ್ನೇ ತರಗತಿ ಮಾಡಿಬಿಟ್ಟೆವು. ಐದನೇ ವಾರಕ್ಕೆ ಮಗಳು, "ಅಮ್ಮ, ನೀನು ಟೀಚರ್ ಆಗಬೇಡ, ನನಗೆ ಅಮ್ಮನೇ ಬೇಕು" ಎಂದು ಅತ್ತಳು. ಅಂದೇ ಎಲ್ಲವನ್ನೂ ನಿಲ್ಲಿಸಿದೆ. ಆ ಮಳೆಗಾಲ ಪೂರ್ತಿ ನಾವು ಕಥೆ ಓದಿದೆವು, ಅಡುಗೆ ಮಾಡಿದೆವು, ಅಂಗಳದಲ್ಲಿ ಒಂದು ಪಾತ್ರೆ ಇಟ್ಟು ದಿನದ ಮಳೆಯನ್ನು ಸ್ಕೇಲಿನಿಂದ ಅಳೆದೆವು. ದಸರೆಯ ಹೊತ್ತಿಗೆ ಅವಳೇ ಗಣಿತದ ಪುಸ್ತಕ ಹಿಡಿದುಕೊಂಡು ಬಂದಳು. ಶಾಲೆಯಿಂದ ದಣಿದು ಬಂದ ಮಗುವಿಗೆ ಆ ಬಿಡುವು ಔಷಧದಂತೆ. ಈಗಲೂ ಕುಳಿತು ಓದುವ ಕೆಲಸ ದಿನಕ್ಕೆ ಒಂದೂವರೆ ಗಂಟೆ ಮೀರುವುದಿಲ್ಲ: ಕನ್ನಡ ಓದು-ಬರಹ, ಗಣಿತ, ಸ್ವಲ್ಪ ಇಂಗ್ಲಿಷ್. ರಾಜ್ಯದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುವುದರಿಂದ ದುಬಾರಿ ಪುಸ್ತಕಗಳ ಪೆಟ್ಟಿಗೆಯನ್ನು ಮೊದಲೇ ತರಿಸಬೇಡಿ. ಉಳಿದದ್ದಕ್ಕೆ ನಮ್ಮ ಊರೇ ಇದೆ. ಪಿಲಿಕುಳದ ವಿಜ್ಞಾನ ಕೇಂದ್ರಕ್ಕೂ ತಾರಾಲಯಕ್ಕೂ ವಾರದ ನಡುವೆ ಹೋದರೆ ನೂಕುನುಗ್ಗಲು ಇರುವುದಿಲ್ಲ. ಮಳೆ ಮುಗಿದು ಮಲ್ಪೆಯ ದೋಣಿಗಳು ಹೊರಟ ಮೇಲೆ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಿ. ಲಾವಾ ತಣಿದು ಕಂಬಗಳಾಗಿ ನಿಂತ ಬಂಡೆಗಳ ಮುಖಗಳನ್ನು ಅವನೇ ಎಣಿಸಲಿ.

ಒಂದು ಕಷ್ಟವನ್ನು ಮುಚ್ಚಿಡಲಾರೆ. ಬೀದಿಯಲ್ಲಿ ಸಂಜೆ ನಾಲ್ಕೂವರೆಯವರೆಗೆ ಮಕ್ಕಳೇ ಇರುವುದಿಲ್ಲ. ಜೊತೆಗಾರರಿಲ್ಲದ ಮಗು ಮಂಕಾಗುತ್ತದೆ, ಅದನ್ನು ತಾಯಿಯೊಬ್ಬಳೇ ತುಂಬಿಕೊಡಲು ಆಗುವುದಿಲ್ಲ. ನಮ್ಮವಳು ಸಂಜೆಯ ಯಕ್ಷಗಾನ ನಾಟ್ಯದ ತರಗತಿಗೆ ಸೇರಿದ ಮೇಲೆ ಗೆಳತಿಯರಾದರು. ಇನ್ನೆರಡು ಮನೆಯವರೊಂದಿಗೆ ಪ್ರತಿ ಬುಧವಾರ ಸೇರುತ್ತೇವೆ. ಇದಕ್ಕೊಂದು ದಾರಿ ಮಾಡಿಕೊಳ್ಳದೆ ಜೂನ್ ತಿಂಗಳಿಗೆ ಕಾಲಿಡಬೇಡಿ.

ಉತ್ತರ: ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ, ಕಾರ್ಕಳ ತಾಲೂಕು

ತಾಯಿ, ತಾವು ಬರೆದದ್ದನ್ನು ಎರಡು ಸಲ ಓದಿದೆ. ಮಲ್ಲಿಗೆಯ ಲೆಕ್ಕ ಹೇಳಿದ ಹುಡುಗನಿಗೆ ಗುಣಾಕಾರ ಬರುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಹಾಗಾದರೆ ಉತ್ತರದ ಜಾಗ ಖಾಲಿ ಉಳಿದದ್ದೇಕೆ? ಇಪ್ಪತ್ತಾರು ವರ್ಷ ಪಾಠ ಮಾಡಿದವನಿಗೆ ಮೊದಲು ಬರುವ ಅನುಮಾನವೆಂದರೆ, ಅವನು ಪ್ರಶ್ನೆಯನ್ನೇ ಓದಿ ಅರ್ಥ ಮಾಡಿಕೊಂಡಿಲ್ಲ ಎಂಬುದು. ಅದೇ ಪ್ರಶ್ನೆಪತ್ರಿಕೆಯನ್ನು ಎದುರಿಗಿಟ್ಟುಕೊಂಡು, ಒಂದೊಂದು ಲೆಕ್ಕವನ್ನೂ ತುಳುವಿನಲ್ಲಿ ಓದಿ ಹೇಳಿ ನೋಡಿ. ಸರಿಯಾದ ಉತ್ತರ ಬಂದರೆ ತೊಡಕು ಗಣಿತದ್ದಲ್ಲ, ಇಂಗ್ಲಿಷಿನದ್ದೋ ಓದಿನದ್ದೋ ಎಂದಾಯಿತು. ಜೊತೆಗೆ ಕಣ್ಣು, ಕಿವಿ ತಪಾಸಣೆ ಮಾಡಿಸಿ. ಕನ್ನಡದಲ್ಲೂ ಅಕ್ಷರಗಳು ಹಿಂದುಮುಂದಾಗುತ್ತಿದ್ದರೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವಲ್ಲಿನ ತೊಡಕು, ಇದೆಯೇ ಎಂದು ತಿಳಿದವರಿಂದ ಪರೀಕ್ಷೆ ಮಾಡಿಸಿ. ಇದನ್ನು ಮಾಡದೆ ಶಾಲೆ ಬಿಡಿಸಿದರೆ ಅದೇ ತೊಡಕು ಮನೆಗೂ ಬರುತ್ತದೆ, ಆಗ ಅವನಿಗೆ ಟೀಚರಿನ ಜೊತೆಗಿದ್ದ ಭಯ ತಾಯಿಯ ಜೊತೆಗೂ ಅಂಟಿಕೊಳ್ಳುತ್ತದೆ.

ಮನೆಯ ಹತ್ತಿರದ ಸರಕಾರಿ ಕನ್ನಡ ಶಾಲೆಯನ್ನು ಒಮ್ಮೆಯಾದರೂ ಹೋಗಿ ನೋಡಿದ್ದೀರಾ? ನಡೆದು ಹೋಗುವ ದೂರ, ಅರ್ಥವಾಗುವ ಮಾತು, ಚಿಕ್ಕ ತರಗತಿ ಸಿಕ್ಕಿದರೆ ಮಗುವಿನ ದುಃಖ ಕಡಿಮೆಯಾಗಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಸರಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ಕಾರ್ಡುಗಳ ಮೂಲಕ ಹಂತಹಂತವಾದ ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ಅದು ಮೂರನೇ ತರಗತಿಯವರೆಗಿನ ಪದ್ಧತಿಯಾದರೂ ಆ ಕಾರ್ಡುಗಳನ್ನು ನೋಡಿದರೆ ಮನೆಯಲ್ಲಿ ಹೇಗೆ ಕಲಿಸಬಹುದೆಂಬ ಅಂದಾಜು ತಮಗೂ ಸಿಗುತ್ತದೆ. ನಾನು ಶಾಲೆಯ ಪರವಾಗಿ ಮಾತನಾಡುವುದು ನೌಕರಿಯ ಅಭಿಮಾನದಿಂದ ಮಾತ್ರವಲ್ಲ. ಶಾಲೆಯೊಳಗೆ ಬಿಟ್ಟುಕೊಳ್ಳದ ದಲಿತ ಮಕ್ಕಳಿಗಾಗಿ ಕುದ್ಮುಲ್ ರಂಗರಾಯರು ಇದೇ ಮಂಗಳೂರಿನಲ್ಲಿ ಬಹಿಷ್ಕಾರವನ್ನು ಸಹಿಸಿ ಶಾಲೆ ತೆರೆದರು. ಆ ಬಾಗಿಲನ್ನು ನಾವಾಗಿ ಮುಚ್ಚುವಾಗ ಒಮ್ಮೆ ನಿಂತು ಯೋಚಿಸಬೇಕೆಂದು ನನಗನಿಸುತ್ತದೆ. ಆದರೂ, ಶಾಲೆಯೆಂದರೆ ನಾಲ್ಕು ಗೋಡೆಯಷ್ಟೇ ಅಲ್ಲವೆಂದು ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಂದಿಗೆ ಮಾಡಿ ತೋರಿಸಿದ ಕರಾವಳಿ ಇದು. ಹಾಗಾಗಿ ತಮ್ಮ ಆಲೋಚನೆಯನ್ನು ತಪ್ಪೆನ್ನಲಾರೆ.

ಬಿಡಿಸುವುದೇ ಆದರೆ ಹೇಳದೆ ಕೇಳದೆ ನಿಲ್ಲಿಸಬೇಡಿ. ಟಿ.ಸಿ. ಪಡೆಯಿರಿ, ಅಂಕಪಟ್ಟಿ ಮತ್ತು ಸ್ಯಾಟ್ಸ್ ಸಂಖ್ಯೆಯನ್ನು (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಜೋಪಾನವಾಗಿಡಿ. ಶಾಲೆಯಿಂದ ಹೊರಗುಳಿದ ಮಗು ಮರಳಿ ಬಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಅದೇ ಕಾಯ್ದೆಯ 4ನೇ ಕಲಮು ಹೇಳುತ್ತದೆ. ತಮ್ಮ ಅತ್ತೆಯವರಿಗೆ ಈ ಮಾತನ್ನು ಖಂಡಿತ ತಿಳಿಸಿ.

ಉತ್ತರ: ಪಿ.ಯು. ಉಪನ್ಯಾಸಕಿ, ಉಡುಪಿ

ಮುಂದಿನ ಪರೀಕ್ಷೆಗಳ ಬಗ್ಗೆ ಮಾತ್ರ ಹೇಳುತ್ತೇನೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, ಕೇಂದ್ರ ಸರಕಾರದ ಅಧೀನದ ಮಂಡಳಿ. 14 ವರ್ಷ ತುಂಬಿದವರು ಅಲ್ಲಿ ಹತ್ತನೇ ತರಗತಿಗೆ ನೋಂದಾಯಿಸಬಹುದು. ಐದು ವಿಷಯ ಪಾಸಾಗಬೇಕು, ಪರೀಕ್ಷೆ ವರ್ಷಕ್ಕೆ ಎರಡು ಸಲ ಇರುತ್ತದೆ, ಮುಗಿಸಲು ಐದು ವರ್ಷ ಅವಕಾಶವಿದೆ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ.

ಹೆಚ್ಚಿನ ಪೋಷಕರು ಗಮನಿಸದ ಸಂಗತಿ ಸಿಇಟಿಯದ್ದು, ಅಂದರೆ ಪಿ.ಯು. ನಂತರ ಎಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆಯದ್ದು. ಸರಕಾರಿ ಸೀಟಿಗೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಆಶ್ರಯಿಸುವ ನಿಯಮದಂತೆ, ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ನಿಮ್ಮ ಮಗನಿಗೆ ಮೂರು ವರ್ಷ ಆಗಿದೆ. ಒಂಬತ್ತನೇ ತರಗತಿಗೆ ಶಾಲೆ ಸೇರಿ ದ್ವಿತೀಯ ಪಿ.ಯು. ಮುಗಿಸಿದರೆ ಅಲ್ಲಿಗೆ ಏಳು ಸರಿಯಾಗುತ್ತದೆ, ಒಂದು ವರ್ಷ ತಡವಾದರೂ ಕಡಿಮೆ ಬೀಳುತ್ತದೆ. ಗ್ರಾಮೀಣ ಮೀಸಲಾತಿಗೆ 1ರಿಂದ 10ರವರೆಗೂ ಗ್ರಾಮೀಣ ಶಾಲೆಯಲ್ಲೇ ಓದಿರಬೇಕಾದ ಕಾರಣ, ಮನೆಯಲ್ಲಿ ಕಲಿತರೆ ಅದು ಕೈತಪ್ಪುತ್ತದೆ. ಎಂಟು ವರ್ಷದ ಮಗುವಿನ ಬಗ್ಗೆ ಈಗಲೇ ಸಿಇಟಿಯ ಮಾತೇ ಎಂದು ಬೇಸರಿಸಬೇಡಿ. ಈ ನಿಯಮ ತಡವಾಗಿ ತಿಳಿದು ತಂದೆ-ತಾಯಿ ಕಣ್ಣೀರಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ ಕೇಳಿದ ಕಟಪಾಡಿಯ ತಾಯಿ

ಮೂವರಿಗೂ ಮನಃಪೂರ್ವಕ ನಮಸ್ಕಾರ. ಮಾಸ್ಟ್ರು ಹೇಳಿದಂತೆ ನಿನ್ನೆ ಸಂಜೆ ಅದೇ ಪ್ರಶ್ನೆಪತ್ರಿಕೆಯನ್ನು ತುಳುವಿನಲ್ಲಿ ಓದಿ ಹೇಳಿದೆ. ಹತ್ತು ಲೆಕ್ಕಗಳಲ್ಲಿ ಎಂಟನ್ನು ಬಾಯಲ್ಲೇ ಹೇಳಿದ. ಒಂಬತ್ತನೆಯದಕ್ಕೆ ಬರುವಾಗ, "ಇದು ಇಷ್ಟೇಯಾ?" ಎಂದು ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅಕ್ಷರಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದ. ಮೂರು ವರ್ಷ ಇದನ್ನು ನಾನು ಗಮನಿಸಲಿಲ್ಲವಲ್ಲ ಎಂದು ರಾತ್ರಿ ನಿದ್ದೆ ಬರಲಿಲ್ಲ.

ಸೋಮವಾರ ಕಣ್ಣಿನ ತಪಾಸಣೆಗೆ ಹೋಗುತ್ತೇವೆ. ಶಾಲೆ ತೆರೆದ ವಾರದಲ್ಲೇ ನಮ್ಮ ಊರಿನ ಕನ್ನಡ ಶಾಲೆಯನ್ನೂ ನೋಡಿ ಬರುತ್ತೇವೆ. ಸದ್ಯಕ್ಕೆ ಟಿ.ಸಿ. ಪಡೆದು ಈ ಒಂದು ವರ್ಷ ಮನೆಯಲ್ಲೇ, ಮೊದಲು ತುಳು-ಕನ್ನಡದಲ್ಲಿ ಓದು ಗಟ್ಟಿ ಮಾಡುವುದೆಂದು ನಾವಿಬ್ಬರೂ ನಿಶ್ಚಯಿಸಿದ್ದೇವೆ. ಒಂದು ವರ್ಷವೆಂದೂ, ಮರಳಲು ದಾರಿಯಿದೆಯೆಂದೂ ಹೇಳಿದ ಮೇಲೆ ಅತ್ತೆಯವರು ದಿನಾ ಸಂಜೆ ಕಥೆ ಹೇಳುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ.

ಕದ್ರಿಯ ಅಕ್ಕನವರೇ, ನಿಮ್ಮ ಬುಧವಾರದ ಕೂಟಕ್ಕೆ ನಾವೂ ಬರಬಹುದೇ? ಬೆಳಿಗ್ಗೆ ಕಟಪಾಡಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಹತ್ತೂವರೆಯೊಳಗೆ ಬಂದು ಸೇರುತ್ತೇವೆ.