ಪಾಪ್‌ಕಾರ್ನ್ ಸೀಲಿಂಗ್ ಮನೆಯಲ್ಲೇ ಕೆರೆದು ತೆಗೆದವರು ಯಾರಾದರೂ ಇದ್ದೀರಾ?

ಫ್ರೀಮಾಂಟ್, ಕ್ಯಾಲಿಫೋರ್ನಿಯಾದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. 1976ರಲ್ಲಿ ಕಟ್ಟಿದ ಒಂದು ಮನೆ ತಗೊಂಡಿದ್ದೀವಿ. ಮನೆ ಗಟ್ಟಿಮುಟ್ಟಾಗಿದೆ. ಆದರೆ ಹಾಲ್, ಕಾರಿಡಾರ್, ಮೂರೂ ಬೆಡ್‌ರೂಮ್‌ಗಳ ಸೀಲಿಂಗ್ ತುಂಬ ಆ ಹರಳು ಹರಳಾದ ಪಾಪ್‌ಕಾರ್ನ್ ಟೆಕ್ಸ್ಚರ್. ಫ್ಯಾನ್ ಸುತ್ತ ಕಪ್ಪು ಧೂಳು ಕೂತಿದೆ, ಪೊರಕೆ ತಾಗಿಸಿದರೆ ಧೂಳಿನ ಜೊತೆ ಹರಳೂ ಉದುರುತ್ತೆ. ಗೃಹಪ್ರವೇಶಕ್ಕೆ ಮೈಸೂರಿಂದ ಅತ್ತೆ ಮಾವ ಬರ್ತಾರೆ, ಅಷ್ಟರಲ್ಲಿ ತೆಗೆದುಬಿಡೋಣ ಅಂತ ಆಸೆ. ನಮ್ಮ ಯಜಮಾನರು ಒಂದಷ್ಟು ವಿಡಿಯೋ ನೋಡಿ "ನೀರು ಹೊಡೆಯೋದು, ಕೆರೆಯೋದು, ವೀಕೆಂಡಲ್ಲಿ ಮುಗಿಸ್ತೀನಿ" ಅಂತಿದ್ದಾರೆ. ಕಾಂಟ್ರ್ಯಾಕ್ಟರ್ ಹೇಳಿದ ರೇಟು ಕೇಳಿ ನನಗೂ ಅದೇ ಸರಿ ಅನ್ನಿಸ್ತಿದೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಸ್ವಂತ ಕೈಯಲ್ಲಿ ಮಾಡಿದವರು ಹೇಗೆ ಮಾಡಿದ್ರಿ, ಏನು ನೋಡ್ಕೋಬೇಕು, ದಯವಿಟ್ಟು ಹೇಳಿ.

ಸ್ಯಾಕ್ರಮೆಂಟೊದಿಂದ:

ಮೇಡಂ, ಮೊದಲು ಯಜಮಾನರ ಕೈಯಿಂದ ಆ ಕೆರೆಯೋ ಬ್ಲೇಡು ಇಸ್ಕೊಂಡು ಬಚ್ಚಿಡಿ. 1976 ಅಂದ್ರೆ ಆಸ್ಬೆಸ್ಟಾಸ್ ಪರೀಕ್ಷೆ ಆಗೋವರೆಗೆ ಒಂದು ಹರಳನ್ನೂ ಮುಟ್ಟಬಾರದು. ಪೊರಕೆ ಕೂಡ ಬೇಡ. ನಮ್ಮೂರಲ್ಲಿ ಶೆಡ್ಡಿಗೆ, ಕೊಟ್ಟಿಗೆಗೆ ಹೊದಿಸ್ತೀವಲ್ಲ ಕಲ್ನಾರು ಶೀಟು, ಅದರಲ್ಲಿರೋ ನಾರೇ ಇದರಲ್ಲೂ ಇರಬಹುದು. ಶೀಟಿನಲ್ಲಾದರೂ ಸಿಮೆಂಟು ಅದನ್ನ ಬಿಗಿಯಾಗಿ ಹಿಡಿದಿರುತ್ತೆ. ಪಾಪ್‌ಕಾರ್ನ್ ಹಾಗಲ್ಲ, ಎರಡು ಬೆರಳಲ್ಲಿ ಹಿಚುಕಿದರೆ ಪುಡಿಪುಡಿ.

ಸಿಂಪಡಿಸೋ ಸೀಲಿಂಗ್ ಮಾಲಿನಲ್ಲಿ ಆಸ್ಬೆಸ್ಟಾಸ್ ಬಳಕೆಯನ್ನ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) 1978ರಲ್ಲಿ ನಿಷೇಧ ಮಾಡಿತು. "78 ಆದಮೇಲಿನ ಮನೆ, ಚಿಂತೆ ಬಿಡಿ" ಅಂತ ಏಜೆಂಟುಗಳು ಹೇಳೋದು ಅದನ್ನೇ ಹಿಡ್ಕೊಂಡು. ಆದರೆ ಗೋಡೌನಿನಲ್ಲಿದ್ದ ಹಳೇ ಸ್ಟಾಕು ಖಾಲಿ ಮಾಡೋಕೆ ಅಡ್ಡಿ ಇರಲಿಲ್ಲ, ಅದಕ್ಕೇ 80ರ ದಶಕದ ಮೊದಲರ್ಧದ ಮನೆಗಳಲ್ಲೂ ಸಿಗುತ್ತೆ. ನಮ್ಮದು 1981ರ ಮನೆ, ಹಾಲ್ ಸೀಲಿಂಗಿನ ಸ್ಯಾಂಪಲ್ಲಿನಲ್ಲಿ 3 ಪರ್ಸೆಂಟ್ ಆಸ್ಬೆಸ್ಟಾಸ್ ಬಂತು. 1 ಪರ್ಸೆಂಟ್ ದಾಟಿದರೆ ಫೆಡರಲ್ ಕಾನೂನಿನ ಲೆಕ್ಕಕ್ಕೆ ಅದು ಆಸ್ಬೆಸ್ಟಾಸ್ ಇರೋ ಮಾಲು.

ಅದರ ಪಾಡಿಗೆ ಅದು ಮೇಲೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ತೊಂದರೆ ಕೊಡಲ್ಲ. ಕೆರೆದಾಗ ಏಳೋ ಧೂಳು ಶ್ವಾಸಕೋಶಕ್ಕೆ ಹೋಗೋದೇ ಅಪಾಯ. ಅದರಿಂದ ಬರೋ ರೋಗ ಕಾಣಿಸಿಕೊಳ್ಳೋಕೆ ಹತ್ತಿಪ್ಪತ್ತು ವರ್ಷ, ಎಷ್ಟೋ ಸಲ ಇನ್ನೂ ಹೆಚ್ಚು ಹಿಡಿಯುತ್ತೆ. ಹಾಗಾಗಿ "ಹೋದ ವರ್ಷ ಕೆರೆದೆ, ನನಗೇನೂ ಆಗಿಲ್ಲ" ಅನ್ನೋ ವಿಡಿಯೋಗಳನ್ನ ನಂಬಿ ಕೂರಬೇಡಿ.

ಹ್ಯೂಸ್ಟನ್‌ನಿಂದ:

ಇಂಥ ಸ್ಯಾಂಪಲ್ ನೋಡೋ ಲ್ಯಾಬಿನಲ್ಲೇ ನನ್ನ ಕೆಲಸ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಒಂದೇ ಜಾಗದಿಂದ ತೆಗೆದು ಕಳಿಸೋರೇ ಜಾಸ್ತಿ, ಅದು ಸಾಲದು. ಈ ಟೆಕ್ಸ್ಚರನ್ನ ಆಗ ಮನೆಯಲ್ಲೇ ಕಲಸಿ ಸಿಂಪಡಿಸ್ತಿದ್ದರು. ಒಂದು ಚೀಲದಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲದೆ ಇರಬಹುದು. ಆಮೇಲೆ ಯಾರೋ ಒಂದು ರೂಮು ಸೇರಿಸಿರಬಹುದು, ನೀರು ಸೋರಿದ ಜಾಗಕ್ಕೆ ತೇಪೆ ಹಾಕಿರಬಹುದು. ಶಾಲೆಗಳಿಗೆ ಇರೋ ಫೆಡರಲ್ ನಿಯಮದಲ್ಲಿ ಒಂದೇ ಬಗೆಯ ಮೇಲ್ಮೈ 1000 ಚದರಡಿವರೆಗೆ ಇದ್ದರೆ ಕಡಿಮೆ ಅಂದ್ರೆ 3 ಸ್ಯಾಂಪಲ್, ಅದರ ಮೇಲೆ 5000 ಚದರಡಿವರೆಗೆ 5. ಮನೆಗೆ ಅದು ಕಡ್ಡಾಯ ಅಲ್ಲ, ಆದರೂ ಅದೇ ಲೆಕ್ಕ ಇಟ್ಕೊಳ್ಳೋದು ಒಳ್ಳೇದು.

ಲೈಸೆನ್ಸ್ ಇರೋ ಇನ್‌ಸ್ಪೆಕ್ಟರನ್ನ ಕರೆಸಿದರೆ ಉತ್ತಮ. ನೀವೇ ತೆಗೆಯೋದಾದರೆ ಮಗುವನ್ನ ಹೊರಗೆ ಕಳಿಸಿ, ಹೀಟರ್, ಎಸಿ, ಫ್ಯಾನ್ ಎಲ್ಲ ಆಫ್ ಮಾಡಿ. ಕೆಳಗೆ ಪ್ಲಾಸ್ಟಿಕ್ ಹಾಸಿ. ಸ್ಪ್ರೇ ಬಾಟಲಿಯ ನೀರಿಗೆ ಪಾತ್ರೆ ತೊಳೆಯೋ ಸೋಪು ಒಂದೆರಡು ಹನಿ ಹಾಕಿ ಆ ಜಾಗವನ್ನ ಚೆನ್ನಾಗಿ ನೆನೆಸಿ. ಸೋಪು ಇಲ್ಲದಿದ್ದರೆ ನೀರು ಒಳಗೆ ಇಳಿಯದೆ ಮೇಲೆಮೇಲೇ ಹರಿದುಹೋಗುತ್ತೆ. ಒಂದು ಚಮಚದಷ್ಟು ಸಾಕು, ಆದರೆ ಡ್ರೈವಾಲ್ (ಟೆಕ್ಸ್ಚರ್ ಹಿಂದಿರೋ ಜಿಪ್ಸಮ್ ಹಲಗೆ) ಕಾಣೋವರೆಗೆ ಪೂರ್ತಿ ದಪ್ಪ ಬರಬೇಕು. ಜಿಪ್ ಕವರಿನಲ್ಲಿ ಹಾಕಿ ಮುಚ್ಚಿ, ಅದರ ಮೇಲೆ ಇನ್ನೊಂದು ಕವರ್. ಯಾವ ರೂಮು, ಯಾವ ಮೂಲೆ ಅಂತ ಬರೆಯಿರಿ. ತೆಗೆದ ಜಾಗಕ್ಕೆ ಸ್ವಲ್ಪ ಪೇಂಟ್ ಬಳಿದುಬಿಡಿ, ಉದುರದ ಹಾಗೆ.

ಲ್ಯಾಬಿನಲ್ಲಿ ಇದನ್ನ ಎಣ್ಣೆಯಂಥ ಒಂದು ದ್ರವದಲ್ಲಿ ಹರಡಿ ಧ್ರುವೀಕೃತ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ನೋಡ್ತೀವಿ. ಪಾಪ್‌ಕಾರ್ನಿನಲ್ಲಿ ಸಿಗೋದು ಹೆಚ್ಚಾಗಿ ಕ್ರೈಸೊಟೈಲ್ ಅನ್ನೋ ಬಗೆಯ ಆಸ್ಬೆಸ್ಟಾಸ್, ಬಳುಕೋ ಎಳೆಗಳು. ಸರಿಯಾದ ದ್ರವ ಹಾಕಿ ತಿರುಗಿಸಿದರೆ ಅದೇ ಎಳೆ ಒಂದು ದಿಕ್ಕಿನಲ್ಲಿ ಕೆನ್ನೇರಳೆ, ಅಡ್ಡಕ್ಕೆ ನೀಲಿ. ಕಾಗದದ ನಾರು ಹಾಗೆ ಬಣ್ಣ ಬದಲಿಸಲ್ಲ. ರಿಪೋರ್ಟಿನಲ್ಲಿ 1 ಪರ್ಸೆಂಟ್ ಆಸುಪಾಸು ಬಂದರೆ ಕಣ್ಣಳತೆಗೆ ಬಿಡಬೇಡಿ, "ಪಾಯಿಂಟ್ ಕೌಂಟ್ ಮಾಡಿ" ಅಂತ ಕೇಳಿ, ಅಂದ್ರೆ ಮೈಕ್ರೋಸ್ಕೋಪಿನಲ್ಲಿ ಬಿಂದು ಬಿಂದುವಾಗಿ ಎಣಿಸಿ ಪರ್ಸೆಂಟ್ ಹೇಳೋದು. ಒಂದು ಸ್ಯಾಂಪಲ್ಲಿಗೆ ಆಗೋ ಖರ್ಚು ಹೋಟೆಲಲ್ಲಿ ಮನೆಮಂದಿ ಒಂದು ಹೊತ್ತು ಊಟ ಮಾಡಿದಷ್ಟೇ. ಇಲ್ಲಿ ಜಿಪುಣತನ ಬೇಡ.

ಡಲ್ಲಾಸ್‌ನಿಂದ:

ಮ್ಯಾಲಿನವರು ಹೇಳಿದ್ದು ಖರೇ ಐತ್ರಿ. ನಮ್ಮ ಮನಿ 1994ರದ್ದು, ಆದ್ರೂ ಟೆಸ್ಟ್ ಮಾಡಿಸೇ ಕೈ ಹಚ್ಚಿದ್ವಿ. ಏನೂ ಇರಲಿಲ್ಲ. ನಿಮ್ಮದೂ ಹಂಗ ಬಂದ್ರ ಕೆರಿಯೂದು ಹೆಂಗ ಅಂತ ಹೇಳ್ತೇನಿ.

ಸಾಮಾನು ಪೂರಾ ಹೊರಗ ಹಾಕ್ರಿ. ಮನಿ ಖಾಲಿ ಇದ್ದಾಗ ಇದನ್ನ ಮುಗಿಸಬೇಕು, ಮಂಚ ಬೀರು ಬಂದ ಮ್ಯಾಲೆ ಅಲ್ಲ. ಬ್ರೇಕರ್ ಬಂದ್ ಮಾಡಿ ಫ್ಯಾನು, ಲೈಟು, ಸ್ಮೋಕ್ ಅಲಾರ್ಮ್ ಇಳಿಸ್ರಿ, ವೈರಿನ ಬಾಕ್ಸಿಗೆ ಟೇಪ್ ಹಚ್ಚಿ ಮುಚ್ರಿ. ಗ್ವಾಡಿಗೆ ತೆಳ್ಳನ ಪ್ಲಾಸ್ಟಿಕ್, ನೆಲಕ್ಕ ದಪ್ಪಂದು. ಎಸಿ ವೆಂಟ್ ಮರೀಬ್ಯಾಡ್ರಿ. ನೆಲದ ಪ್ಲಾಸ್ಟಿಕ್ ಮ್ಯಾಲೆ ನೀರು ಬಿತ್ತು ಅಂದ್ರ ಕಾಲು ಜಾರ್ತದ, ಅದರ ಮ್ಯಾಲೆ ಹಳೇ ಬೆಡ್‌ಶೀಟ್ ಒಗೀರಿ.

ಗಿಡಕ್ಕ ಔಷಧ ಹೊಡಿಯೋ ಪಂಪ್ ಸ್ಪ್ರೇಯರ್ ಇರ್ತದಲ್ಲ, ಹೊಸಾದು ತಗೋರಿ. ಉಗುರುಬೆಚ್ಚಗಿನ ನೀರು. ಒಂದೇ ಸರ್ತಿ ಇಡೀ ರೂಮಿಗೆ ಹೊಡಿಬ್ಯಾಡ್ರಿ, ನಾಕು ಅಡಿ ನಾಕು ಅಡಿ ಜಾಗ ಹಿಡೀರಿ. ಹತ್ತು ಹದಿನೈದು ಮಿನಿಟ್ ಬಿಡ್ರಿ. ಹದ ಬಂತಂದ್ರ ತಣ್ಣಗಾದ ಉಪ್ಪಿಟ್ಟು ಬಾಣಲಿಯಿಂದ ಎದ್ದು ಬಂದಂಗ ಹೆಂಟಿ ಹೆಂಟಿಯಾಗಿ ಬರ್ತದ. ಪುಡಿ ಹಾರಿದ್ರ ನೀರು ಕಡಿಮಿ ಆಗೈತಿ. ಡ್ರೈವಾಲಿನ ಕಾಗದ ಸುರುಳಿ ಬಿಚ್ಚಿ ಬಂತಂದ್ರ ನೀರು ಹೆಚ್ಚಾತು, ಒಣಗೂತನಕ ಆ ಜಾಗಕ್ಕ ಕೈ ಹಚ್ಚಬ್ಯಾಡ್ರಿ.

ಹತ್ತಿಂಚಿನ ಅಗಲ ಬ್ಲೇಡು ತಗೊಂಡು ಅದರ ಎರಡೂ ಮೂಲಿ ಅರದಿಂದ ತಿಕ್ಕಿ ದುಂಡು ಮಾಡ್ಕೋರಿ, ಇಲ್ಲಾಂದ್ರ ಮೂಲಿ ಚುಚ್ಚಿ ಸೀಲಿಂಗ್ ತುಂಬ ಗೀರು ಬೀಳ್ತಾವು. ಬ್ಲೇಡು ಮಲಗಿಸಿ ದೂಕ್ರಿ, ನಿಲ್ಲಿಸಿ ಕೆದರಬ್ಯಾಡ್ರಿ. ಕುತ್ತಿಗಿ ಹಿಡ್ಕೋತದ, ಅದಕ್ಕ ಔಷಧ ಇಲ್ಲ. ಹಸಿ ಕಸ ಕಲ್ಲಿನಂಗ ಭಾರ, ಚೀಲ ಅರ್ಧಾ ತುಂಬಿದ್ರ ಸಾಕು.

ಎಡಿಸನ್, ನ್ಯೂಜೆರ್ಸಿಯಿಂದ:

ಡಲ್ಲಾಸಿನವರು ಹೇಳಿದ್ದು ಪೇಂಟ್ ಹೊಡೆಯದ ಸೀಲಿಂಗಿಗೆ ಮಾತ್ರ ಅನ್ವಯ. ನಮ್ಮದಕ್ಕೆ ಹಿಂದಿನ ಓನರ್ ಎರಡು ಕೋಟ್ ಪೇಂಟ್ ಬಳಿದಿದ್ದರು. ಎಷ್ಟು ನೀರು ಹೊಡೆದರೂ ಒಂದು ಹನಿ ಒಳಗಿಳಿಯಲಿಲ್ಲ, ಎಲ್ಲ ನಮ್ಮ ತಲೆ ಮೇಲೇ ಬಿತ್ತು. ಮೂಲೆಯಲ್ಲಿ ಸ್ಪ್ರೇ ಮಾಡಿ ನೋಡಿ. ನೀರು ಹೀರಿ ಬಣ್ಣ ಗಾಢವಾದರೆ ಪೇಂಟ್ ಇಲ್ಲ, ಮುತ್ತಿನಂತೆ ನಿಂತರೆ ಇದೆ. ಜೊತೆಗೆ 1978ಕ್ಕೆ ಮುಂಚಿನ ಪೇಂಟ್ ಆದರೆ ಸೀಸವನ್ನೂ ಟೆಸ್ಟ್ ಮಾಡಿಸಬೇಕು.

ನಾವು ಕೆರೆಯೋದನ್ನ ಬಿಟ್ಟು ಅದರ ಮೇಲೇ ಹೊಸ ಡ್ರೈವಾಲ್ ಹೊಡೆಸಿದೆವು. ಈಗ ಯೋಚಿಸಿದರೂ ಅದೇ ಸರಿ. ಕಾಲಿಂಚಿನ ಶೀಟು ಅಗ್ಗ ಅಂತ ತರಬೇಡಿ. ಮೇಲಿನ ಜಾಯಿಸ್ಟುಗಳು (ಸೀಲಿಂಗ್ ಹೊರೋ ಮರದ ತೊಲೆಗಳು) 24 ಇಂಚಿಗೊಂದು ಇದ್ದರೆ ನಡುವೆ ಜೋತುಬೀಳುತ್ತೆ. ಅರ್ಧ ಇಂಚಿನ ಹಗುರ ಶೀಟು, 4 ಅಡಿ 8 ಅಡಿಯದು, 40 ಪೌಂಡ್ ಆಸುಪಾಸು ತೂಗುತ್ತೆ. ಎತ್ತೋಕೆ ಡ್ರೈವಾಲ್ ಲಿಫ್ಟ್ ಬಾಡಿಗೆಗೆ ಸಿಗುತ್ತೆ, ಮಾವನವರನ್ನ ಹಿಡ್ಕೊಂಡು ನಿಲ್ಲಿಸಬೇಡಿ. ಸೀಲಿಂಗ್ ಅರ್ಧ ಇಂಚು ಕೆಳಗಿಳಿಯೋದರಿಂದ ಲೈಟಿನ ಬಾಕ್ಸುಗಳಿಗೆ ಎಕ್ಸ್‌ಟೆನ್ಷನ್ ರಿಂಗ್ ಹಾಕಿಸಬೇಕು. ಇದನ್ನ ಎಲ್ಲರೂ ಮರೀತಾರೆ. ಆಸ್ಬೆಸ್ಟಾಸ್ ಇದ್ದರೂ ಹೀಗೆ ಮುಚ್ಚಬಹುದು, ಆದರೆ ಸ್ಕ್ರೂ ಕೊರೆಯುವಾಗಲೂ ಧೂಳು ಬೀಳುತ್ತೆ. ಆಗ ಅದರ ತರಬೇತಿ ಇರೋರ ಕೈಯಲ್ಲೇ ಮಾಡಿಸಿ.

ಟೊರಾಂಟೊದಿಂದ:

ನನ್ನದು ವಿರುದ್ಧ ಮತ. ತೆಗೆಯಲೇಬೇಕಾ? ನಮ್ಮ ಬೆಡ್‌ರೂಮುಗಳಲ್ಲಿ ಇನ್ನೂ ಇದೆ, ಮಲಗಿ ನೋಡೋರು ನಾವಿಬ್ಬರೇ. ಉದುರದೆ ಗಟ್ಟಿಯಾಗಿರೋ ಕಡೆ ಬಿಟ್ಟುಬಿಡಿ. ನೆಂಟರು ಬಂದು ಕೂರೋ ಹಾಲಿಗೆ ದುಡ್ಡು ಹಾಕಿ.

ಫ್ರೀಮಾಂಟ್‌ನಿಂದ ಮತ್ತೆ:

ಎಲ್ಲರಿಗೂ ಧನ್ಯವಾದ. ಬ್ಲೇಡು ಬಚ್ಚಿಟ್ಟಾಯಿತು. ಎರಡು ಸಂಶಯ. ಎನ್95 ಮಾಸ್ಕ್ ಸಾಕಾ? ಒಂದು ಚಿಕ್ಕ ಕ್ಲಾಸೆಟ್ಟನ್ನ ದೇವರ ಮನೆ ಮಾಡೋ ಯೋಚನೆ ಇದೆ, ಅಲ್ಲಿಯೂ ಇದೇ ಸೀಲಿಂಗ್. ದೀಪ ಹಚ್ಚಿದರೆ ಏನಾದರೂ ಆಗುತ್ತಾ?

ಸ್ಯಾಕ್ರಮೆಂಟೊದಿಂದ:

ಆಸ್ಬೆಸ್ಟಾಸ್ ಇಲ್ಲದ ಧೂಳಿಗೆ ಎನ್95 ನಡೆಯುತ್ತೆ. ಆಸ್ಬೆಸ್ಟಾಸಿಗೆ ಅದು ಸಾಲದು, ಪಿ100 ಫಿಲ್ಟರಿನ (ಸಣ್ಣ ಕಣವನ್ನೂ ಹೆಚ್ಚುಕಡಿಮೆ ಪೂರ್ತಿ ತಡೆಯೋ) ರೆಸ್ಪಿರೇಟರ್ ಬೇಕು, ಅದೂ ಗಡ್ಡ ಬೋಳಿಸಿಕೊಂಡರೆ ಮಾತ್ರ ಮುಖಕ್ಕೆ ಕೂರುತ್ತೆ. ಮನೆಯ ಮಾಮೂಲಿ ವ್ಯಾಕ್ಯೂಮ್ ಅಂತೂ ಹತ್ತಿರ ತರಬೇಡಿ, ಎಳೆದದ್ದನ್ನ ಹಿಂದಿನಿಂದ ಮನೆಯೆಲ್ಲ ಊದುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ಚಿಕ್ಕ ಮಗು ಇರೋ ಮನೆಯಲ್ಲಿ ರಿಪೋರ್ಟ್ ಪಾಸಿಟಿವ್ ಬಂದರೆ ಸ್ವಂತ ಕೈಯಲ್ಲಿ ಕೆರೆಯೋ ಮಾತೇ ಬೇಡ. ಕ್ಯಾಲಿಫೋರ್ನಿಯಾದಲ್ಲಿ 100 ಚದರಡಿ ಅಥವಾ ಅದಕ್ಕಿಂತ ಹೆಚ್ಚು ಆಸ್ಬೆಸ್ಟಾಸ್ ಕೆಲಸ ಹಿಡಿಯೋ ಕಾಂಟ್ರ್ಯಾಕ್ಟರ್ ರಾಜ್ಯದಲ್ಲಿ ನೋಂದಣಿ ಆಗಿರಬೇಕು. "ನಮ್ಮ ಹುಡುಗರು ಕೆರೆದುಬಿಡ್ತಾರೆ ಸರ್, ಟೆಸ್ಟ್ ಯಾಕೆ" ಅನ್ನೋರನ್ನ ಗೇಟಿನಿಂದಲೇ ಕಳಿಸಿ.

ದೇವರ ಮನೆ ಬಗ್ಗೆ: ದೀಪದ ಮಸಿ, ಊದುಬತ್ತಿ ಹೊಗೆ ಆ ಹರಳುಗಳ ಸಂದಿಯಲ್ಲಿ ಕೂತರೆ ಒರೆಸೋಕೆ ಬರಲ್ಲ. ಅಡುಗೆಮನೆ, ಬಚ್ಚಲಲ್ಲಿ ಆಗಿನವರು ಇದನ್ನ ಹೊಡೆಯದೆ ನುಣುಪಾಗಿ ಬಿಡ್ತಿದ್ದದ್ದು ಅದಕ್ಕೇ. ಎಲ್ಲೂ ತೆಗೆಸದಿದ್ದರೂ ಅಲ್ಲಿ ತೆಗೆಸಿ, ಇಲ್ಲವೇ ಮುಚ್ಚಿಸಿ. ಹೋಮ ಹಿತ್ತಲಲ್ಲಿ ಇಟ್ಕೊಳ್ಳಿ.

ಬಾಥೆಲ್, ವಾಷಿಂಗ್ಟನ್‌ನಿಂದ:

ಕೆರೆಯೋದು ಅರ್ಧ ಕೆಲಸ ಅಂತ ಯಾರೂ ಹೇಳಲಿಲ್ಲ. ನಿಜ ಹೇಳಬೇಕಂದ್ರೆ ಅರ್ಧವೂ ಅಲ್ಲ. ಬಿಲ್ಡರುಗಳು ಪಾಪ್‌ಕಾರ್ನ್ ಹೊಡೆಸ್ತಿದ್ದದ್ದು ಸದ್ದು ತಡೆಯೋಕೆ ಅಂತ ಹೆಸರಿಗೆ. ಡ್ರೈವಾಲ್ ಜಾಯಿಂಟುಗಳನ್ನ ನೀಟಾಗಿ ಮುಗಿಸೋ ಕೂಲಿ ಉಳಿಸೋದೂ ದೊಡ್ಡ ಕಾರಣ. ಹರಳು ಹೋದ ಮೇಲೆ ಅದೆಲ್ಲ ಹೊರಬರುತ್ತೆ. ಉಬ್ಬಿದ ಟೇಪು, ಹೊರಗೆ ಇಣುಕೋ ಮೊಳೆ ತಲೆ, ಎರಡು ಶೀಟು ಸೇರೋ ಕಡೆ ದಿಣ್ಣೆ.

ಸಡಿಲ ಟೇಪನ್ನ ಕತ್ತರಿಸಿ ಹೊಸದು ಹಾಕಿ. ಮೊಳೆ ಪಕ್ಕ ಒಂದು ಸ್ಕ್ರೂ ಬಿಗಿದು ಮೊಳೆಯನ್ನ ಒಳಗೆ ಹೊಡೆಯಿರಿ. ಕಾಗದ ಹರಿದ ಕಡೆ ನೇರವಾಗಿ ಪುಟ್ಟಿ ಹಾಕಬೇಡಿ, ಗುಳ್ಳೆ ಏಳುತ್ತೆ. ಮೊದಲು ಆಯಿಲ್ ಪ್ರೈಮರ್ ಬಳಿದು ಒಣಗಿಸಿ. ಆಮೇಲೆ ಇಡೀ ಸೀಲಿಂಗಿಗೆ ತೆಳ್ಳಗೆ ಪುಟ್ಟಿ ಎಳೀಬೇಕು, ಒಂದು ಸಲ ಉದ್ದಕ್ಕೆ, ಒಣಗಿದ ಮೇಲೆ ಅಡ್ಡಕ್ಕೆ. ದಪ್ಪ ಹಾಕಿ ಆಮೇಲೆ ಉಜ್ಜಿ ತೆಗೀತೀನಿ ಅನ್ನೋದು ಸುಳ್ಳು ಲೆಕ್ಕ. ಉದ್ದ ಕೋಲಿಗೆ ಸಿಕ್ಕಿಸಿದ 150ರ ಉಪ್ಪುಕಾಗದದಲ್ಲಿ ಹಗುರಾಗಿ ಉಜ್ಜಿ.

ರಾತ್ರಿ ಲೈಟು ಆರಿಸಿ ಟಾರ್ಚನ್ನ ಸೀಲಿಂಗಿಗೆ ಒರಗಿಸಿದ ಹಾಗೆ ಹಿಡಿದು ನೋಡಿ. ಹಗಲಲ್ಲಿ ನುಣ್ಣಗೆ ಕಂಡ ಜಾಗದಲ್ಲಿ ಪ್ರತಿ ಗೀರೂ ನೆರಳು ಬಿಡುತ್ತೆ. ಪೆನ್ಸಿಲಲ್ಲಿ ಸುತ್ತು ಹಾಕಿ, ಬೆಳಗ್ಗೆ ತೇಪೆ ಹಾಕಿ. ಪ್ರೈಮರ್ ಆದಮೇಲೆ ಹೊಳಪಿಲ್ಲದ ಫ್ಲಾಟ್ ಪೇಂಟನ್ನೇ ಬಳಿಯಿರಿ, ಹೊಳಪಿದ್ದರೆ ಎಲ್ಲ ದಿಣ್ಣೆಯೂ ಎದ್ದು ಕಾಣುತ್ತೆ. ದುಡ್ಡು ಇರೋದು ಒಂದಕ್ಕೇ ಅಂದ್ರೆ ಕೆರೆಯೋದನ್ನ ನೀವು ಮಾಡಿ, ಪುಟ್ಟಿ ಕೆಲಸ ಗೊತ್ತಿರೋರಿಗೆ ಕೊಡಿ.

ಫ್ರೀಮಾಂಟ್‌ನಿಂದ:

ರಿಪೋರ್ಟ್ ಬಂತು. ಬೆಡ್‌ರೂಮುಗಳ ಮೂರೂ ಸ್ಯಾಂಪಲ್ ಇಲ್ಲ ಅಂತ ಬಂದಿವೆ, ಹಾಲ್ ಮತ್ತು ಕಾರಿಡಾರ್ 2 ಪರ್ಸೆಂಟ್. ಹಾಲನ್ನ ನೋಂದಣಿ ಇರೋರಿಗೆ ಕೊಡ್ತೀವಿ, ಬೆಡ್‌ರೂಮುಗಳನ್ನ ಯಜಮಾನರು ಕೆರೆಯೋದು ಅಂತ ತೀರ್ಮಾನ. ಮಗು ಅಷ್ಟು ದಿನ ನನ್ನ ತಂಗಿ ಮನೆಯಲ್ಲಿ.

ಹ್ಯೂಸ್ಟನ್‌ನಿಂದ:

ಒಳ್ಳೇದು. ಹಾಲ್ ಕೆಲಸ ಮೊದಲು ಮುಗಿದು, ಗಾಳಿಯಲ್ಲಿ ಆ ನಾರು ಉಳಿದಿದೆಯಾ ಅಂತ ನೋಡೋ ಪರೀಕ್ಷೆ ಪಾಸಾಗಲಿ, ಬೆಡ್‌ರೂಮಿಗೆ ಆಮೇಲೆ ಕೈ ಹಾಕಿ. ಇನ್ನೊಂದು ಮಾತು, ಬೆಡ್‌ರೂಮಿನಲ್ಲಿ ಹರಳು ತೆಗೆದ ಮೇಲೆ ಜಾಯಿಂಟುಗಳ ಹಳೇ ಪುಟ್ಟಿ ಕಾಣುತ್ತೆ. ಅದಕ್ಕೆ ಉಪ್ಪುಕಾಗದ ತಾಗಿಸಬೇಡಿ. ಪುಟ್ಟಿಯಲ್ಲೂ ಆಸ್ಬೆಸ್ಟಾಸ್ ಸೇರಿಸ್ತಿದ್ದರು, ಅದರ ಮೇಲೆ ನಿಷೇಧ ಬಂದದ್ದು 1977ರಲ್ಲಿ. ನಿಮ್ಮ ಮನೆ ಅದಕ್ಕಿಂತ ಒಂದು ವರ್ಷ ಹಳೇದು. ಆ ಪುಟ್ಟಿಯನ್ನ ಒದ್ದೆ ಮಾಡಿ ಸ್ವಲ್ಪ ತೆಗೆದು ಬೇರೆ ಕವರಿನಲ್ಲಿ ಕಳಿಸಿ, ಉತ್ತರ ಬಂದಮೇಲೆ ಉಜ್ಜಿ.